ರಾತ್ರಿ ವಾಚನ್ನು ಹೇಗೆ ಮಲಗಿಸಬೇಕು?

ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ತಾತನ ಎಚ್‌ಎಂಟಿ ಜನತಾ ಹೊರಗೆ ಬಂದು, ಹೊಸ ಬೆಲ್ಟು ಹಾಕಿಸಿಕೊಂಡು, ಮೊಮ್ಮಗನ ಕೈಗೇರುತ್ತದೆ. ವಾರದೊಳಗೆ ದೂರು ಶುರು: ‘ಹಗಲೆಲ್ಲ ಸರಿಯಾಗೇ ಇರುತ್ತೆ, ರಾತ್ರಿ ಬಿಚ್ಚಿಟ್ಟು ಬೆಳಗ್ಗೆ ನೋಡಿದ್ರೆ ಹತ್ತು ಸೆಕೆಂಡು ಮುಂದೆ ಓಡಿರುತ್ತೆ.’ ಪಕ್ಕದ ಮನೆಯವರದು ಇದಕ್ಕೆ ತದ್ವಿರುದ್ಧ. ಅವರ ವಾಚು ರಾತ್ರಿಯಲ್ಲೇ ಹಿಂದೆ ಬೀಳುತ್ತದೆ. ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಇಬ್ಬರೂ ಒಂದನ್ನು ಗಮನಿಸಬೇಕು. ರಾತ್ರಿ ವಾಚನ್ನು ಹೇಗೆ ಇಡುತ್ತೀರಿ? ಅಂಗಾತವೋ, ಬೋರಲೋ, ಮಗ್ಗುಲಿಗೋ, ಗೋಡೆಯ ಮೊಳೆಗೆ ನೇತುಹಾಕಿಯೋ?

ಸೆಲ್ ಹಾಕುವ ಕ್ವಾರ್ಟ್ಜ್ ವಾಚಿಗೆ ಈ ಪ್ರಶ್ನೆ ಇಲ್ಲ. ಅದನ್ನು ಹೇಗೆ ಎಸೆದಿದ್ದರೂ ಅದರ ಪಾಡಿಗೆ ಅದು ನಡೆಯುತ್ತದೆ. ಕೀ ಕೊಟ್ಟು ಓಡಿಸುವ ವಾಚು ಮಾತ್ರ ತಾನು ಮಲಗಿದ ಮಗ್ಗುಲಿಗೆ ತಕ್ಕಂತೆ ಲೆಕ್ಕ ಬದಲಿಸುತ್ತದೆ. ಇದು ವಾಚಿನ ದೋಷ ಎಂದು ಬೇಸರ ಪಡಬೇಕಾಗಿಲ್ಲ. ಇದನ್ನೇ ಬಳಸಿಕೊಂಡು, ಮುಚ್ಚಳ ತೆಗೆಯದೆ, ಒಂದು ರೂಪಾಯಿ ಖರ್ಚಿಲ್ಲದೆ ದಿನದ ಕೆಲವು ಸೆಕೆಂಡುಗಳನ್ನು ಸರಿಪಡಿಸಿಕೊಳ್ಳಬಹುದು. ವಾಚಿನ ಆರೋಗ್ಯ ಹೇಗಿದೆ ಎಂಬುದೂ ಜೊತೆಗೇ ತಿಳಿಯುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಉಪಯೋಗದ್ದು.

ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು ಸಾಲಿನ ಊರುಗಳಲ್ಲಿ ಮನೆಯ ಹಳೆಯ ವಾಚು ಎಂದರೆ ಎಚ್‌ಎಂಟಿ ಎಂದೇ ಲೆಕ್ಕ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಾಚು ತಯಾರಿಕೆ 1978ರ ಹೊತ್ತಿಗೆ ತುಮಕೂರಿಗೂ ಬಂತು. ತುಮಕೂರು, ತಿಪಟೂರು, ಅರಸೀಕೆರೆ ಒಂದೇ ರೈಲು ಹಳಿಯ ಊರುಗಳು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅಳಿಯನಿಗೆ, ಎಸ್‌ಎಸ್‌ಎಲ್‌ಸಿ ಪಾಸಾದ ಮಗನಿಗೆ ಕೊಡಿಸಿದ ಜನತಾ, ಪೈಲಟ್, ಸೋನಾ, ಕೊಹಿನೂರ್‌ಗಳು ಈಗ ಎರಡನೇ, ಮೂರನೇ ತಲೆಮಾರಿನ ಕೈಯಲ್ಲಿವೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿದ ಮೇಲೆ ಇವುಗಳ ಮೇಲಿನ ಅಕ್ಕರೆ ಇನ್ನೂ ಹೆಚ್ಚಾಯಿತು. ಇನ್ನೂ ಹಿಂದಿನ ಸಿರಿವಂತರ ಮನೆಗಳಲ್ಲಿ ವೆಸ್ಟ್ ಎಂಡ್, ಫಾವ್ರ್ ಲೂಬಾ ಸಿಕ್ಕರೂ ಸಿಗಬಹುದು. ಮುಂದಿನ ಮಾತು ಎಲ್ಲಕ್ಕೂ ಅನ್ವಯಿಸುತ್ತದೆ.

ಒಳಗೆ ನಡೆಯುವುದೇನು

ಜನತಾದ ಹಿಂಬದಿ ಮುಚ್ಚಳ ತೆಗೆದಾಗ ಮೊದಲು ಕಣ್ಣಿಗೆ ಬೀಳುವುದು ಅತ್ತಿಂದಿತ್ತ, ಇತ್ತಿಂದತ್ತ ಆಡುವ ಒಂದು ಚಕ್ರ. ಅದೇ ಬ್ಯಾಲೆನ್ಸ್ ವೀಲ್. ಅದರ ನಡುವೆ ತಲೆಗೂದಲಿಗಿಂತ ತೆಳುವಾದ ಲೋಹದ ಸುರುಳಿ, ಹೇರ್‌ಸ್ಪ್ರಿಂಗ್, ಉಸಿರಾಡುವಂತೆ ಬಿಚ್ಚಿ ಮುಚ್ಚುತ್ತಿರುತ್ತದೆ. ಚಕ್ರ ಒಂದು ಕಡೆಗೆ ತಿರುಗಿದಾಗ ಒಂದು ಬಡಿತ, ಮರಳಿದಾಗ ಇನ್ನೊಂದು. ಜನತಾದಂಥ ವಾಚಿನಲ್ಲಿ ಗಂಟೆಗೆ 18,000 ಬಡಿತ. ಸೆಕೆಂಡಿಗೆ 5, ದಿನಕ್ಕೆ 4,32,000. ಇಷ್ಟರಲ್ಲಿ ಬರೀ 50 ಬಡಿತ ಹೆಚ್ಚುಕಮ್ಮಿಯಾದರೆ 10 ಸೆಕೆಂಡಿನ ವ್ಯತ್ಯಾಸ. ಹತ್ತು ಸೆಕೆಂಡು ಓಡಿತು ಎಂದು ತಾತನ ವಾಚನ್ನು ಬಯ್ಯುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಬ್ಯಾಲೆನ್ಸ್ ಚಕ್ರದ ಅಚ್ಚಿನ ಎರಡು ತುದಿಗಳು ಸೂಜಿಮೊನೆಯಷ್ಟು ಸಣ್ಣವು. ಒಂದೊಂದು ತುದಿಯೂ ತೂತಿರುವ ಒಂದು ಕೆಂಪು ಕಲ್ಲಿನೊಳಗೆ ಕೂತು, ಅದರಾಚೆಯ ಇನ್ನೊಂದು ಕಲ್ಲಿಗೆ ತಾಗಿಕೊಂಡಿರುತ್ತದೆ. ಡಯಲ್ಲಿನ ಮೇಲೆ ‘17 ಜ್ಯೂವೆಲ್ಸ್’ ಎಂದು ಬರೆದಿರುವುದು ಇಂಥ ಕಲ್ಲುಗಳ ಲೆಕ್ಕ. ಕೃತಕ ಮಾಣಿಕ್ಯ; ಬೆಲೆ ಬಾಳುವುದಿಲ್ಲ, ಸವೆಯುವುದೂ ಇಲ್ಲ. ಪಕ್ಕದಲ್ಲೇ ಇರುವ ‘ಪ್ಯಾರಾಶಾಕ್’ ಎಂಬ ಮಾತು, ಚಕ್ರದ ಎರಡೂ ತುದಿಯ ಕಲ್ಲುಗಳನ್ನು ಪುಟ್ಟ ಸ್ಪ್ರಿಂಗಿನ ಮೇಲೆ ಕೂರಿಸಲಾಗಿದೆ ಎಂಬುದನ್ನು ಹೇಳುತ್ತದೆ. ವಾಚು ಕೈಜಾರಿ ಬಿದ್ದರೆ ಕಲ್ಲು ತುಸು ಸರಿದು ಅಚ್ಚಿನ ಮೊನೆಯನ್ನು ಉಳಿಸುತ್ತದೆ.

ವಾಚನ್ನು ಅಂಗಾತ ಮಲಗಿಸಿದಾಗ ಅಚ್ಚು ನೆಟ್ಟಗೆ ನಿಲ್ಲುತ್ತದೆ. ಚಕ್ರದ ಭಾರವೆಲ್ಲ ಒಂದು ಮೊನೆಯ ಮೇಲೆ, ಕಲ್ಲಿನ ಒಂದು ಚುಕ್ಕೆಯಷ್ಟು ಜಾಗದಲ್ಲಿ. ತಿಕ್ಕಾಟ ತೀರಾ ಕಡಿಮೆ, ಆದ್ದರಿಂದ ಚಕ್ರ ದೊಡ್ಡದಾಗಿ ಬೀಸುತ್ತದೆ. ಚೆನ್ನಾಗಿ ಸರ್ವಿಸ್ ಆಗಿ, ಕೀ ತುಂಬಿದ ವಾಚಿನಲ್ಲಿ ಒಂದು ಕಡೆಗೆ 270ರಿಂದ 300 ಡಿಗ್ರಿವರೆಗೂ ತಿರುಗುತ್ತದೆ. ಅದೇ ವಾಚನ್ನು ಮಗ್ಗುಲಿಗೆ ನಿಲ್ಲಿಸಿದಿರೋ, ಅಚ್ಚು ಅಡ್ಡಡ್ಡ ಮಲಗಿತು. ಈಗ ಎರಡೂ ತುದಿಗಳು ತಮ್ಮ ಪಕ್ಕೆಯನ್ನು ಕಲ್ಲಿನ ತೂತಿಗೆ ಒತ್ತಿಕೊಂಡು ತಿರುಗಬೇಕು. ತಿಕ್ಕಾಟ ಹೆಚ್ಚು, ಬೀಸು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ಡಿಗ್ರಿ ತಗ್ಗುತ್ತದೆ. ಬೀಸು ದೊಡ್ಡದಿರಲಿ ಸಣ್ಣದಿರಲಿ ಒಂದೊಂದು ಬಡಿತಕ್ಕೂ ಅಷ್ಟೇ ಸಮಯ ಹಿಡಿಯಬೇಕು ಎಂಬುದು ವಾಚು ಮಾಡುವವರ ಆಸೆ. ಪೂರ್ತಿಯಾಗಿ ಅದು ಯಾವ ವಾಚಿನಲ್ಲೂ ಕೈಗೂಡಿಲ್ಲ. ಬೀಸು ಬದಲಾದರೆ ವೇಗವೂ ತುಸು ಬದಲಾಗಿಯೇ ತೀರುತ್ತದೆ.

ಇನ್ನೊಂದು ಕಾರಣ ಚಕ್ರದ ತೂಕದ್ದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯೊಳಗೆ ಹೋದವರು ತಿರುಗಣೆಗೆ ಹಾಕಿ ಕಡೆದ ಕಂಬಗಳನ್ನು ನೋಡಿರುತ್ತೀರಿ. ಬಳಪದ ಕಲ್ಲು, ಬಳೆ ಬಳೆಯಾಗಿ ಇಳಿದ ಅಂಚು. ಹನ್ನೆರಡನೆಯ ಶತಮಾನದ ಕೆಲಸ. ತಿರುಗಣೆಯಲ್ಲಿ ಕಡೆದ ವಸ್ತುವಿನ ಗುಣ ಏನೆಂದರೆ ನಡುವಿನ ಗೆರೆಯಿಂದ ಸುತ್ತಲೂ ತೂಕ ಸಮವಾಗಿ ಹಂಚಿಹೋಗುತ್ತದೆ. ಬ್ಯಾಲೆನ್ಸ್ ಚಕ್ರಕ್ಕೆ ಬೇಕಾದದ್ದೂ ಇದೇ. ಎಚ್‌ಎಂಟಿ 1953ರಲ್ಲಿ ಹುಟ್ಟಿದ್ದೇ ಲೇತ್‌ನಂಥ ಯಂತ್ರಗಳನ್ನು ಮಾಡಲು ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಕಂಬ ನಿಂತಲ್ಲೇ ನಿಲ್ಲುತ್ತದೆ. ಒಂದು ಪಕ್ಕ ಗುಲಗಂಜಿಯಷ್ಟು ಭಾರ ಹೆಚ್ಚಿದ್ದರೂ ಒಂಬೈನೂರು ವರ್ಷ ಯಾರಿಗೂ ಗೊತ್ತಾಗದು. ವಾಚಿನ ಚಕ್ರವನ್ನು ದಿನಕ್ಕೆ ನೂರು ಸಲ ಬೇರೆ ಬೇರೆ ಕಡೆಗೆ ತಿರುಗಿಸುತ್ತೇವೆ; ಅಂಚಿನಲ್ಲಿ ಒಂದು ಧೂಳಿನ ಕಣದಷ್ಟು ಭಾರ ಹೆಚ್ಚಿದ್ದರೂ ಭೂಮಿ ಅದನ್ನು ಹಿಡಿದು ಎಳೆಯುತ್ತದೆ. ಅಂಗಾತ ಮಲಗಿದ್ದಾಗ ಈ ಎಳೆತಕ್ಕೆ ಬೆಲೆಯಿಲ್ಲ. ನಿಲ್ಲಿಸಿದಾಗ ಒಂದು ಮಗ್ಗುಲಲ್ಲಿ ಫಾಸ್ಟು, ಅದರ ಎದುರು ಮಗ್ಗುಲಲ್ಲಿ ಸ್ಲೋ.

ಇದರಲ್ಲೊಂದು ವಿಚಿತ್ರ ಇದೆ, ಹಳೆಯ ವಾಚು ಇಟ್ಟುಕೊಂಡವರು ತಿಳಿದಿರಲೇಬೇಕು. ಭಾರದ ಚುಕ್ಕೆ ಕೆಳಗಿರುವಂತೆ ವಾಚು ನಿಂತಿದೆ ಎಂದುಕೊಳ್ಳಿ. ಬೀಸು ಸುಮಾರು 220 ಡಿಗ್ರಿಗಿಂತ ಕಡಿಮೆ ಇದ್ದರೆ ವಾಚು ಮುಂದೆ ಓಡುತ್ತದೆ. 220 ದಾಟಿದರೆ ಅದೇ ಚುಕ್ಕೆ, ಅದೇ ಭಂಗಿ, ವಾಚು ಹಿಂದೆ ಬೀಳುತ್ತದೆ. ಸರಿಯಾಗಿ 220ರ ಹತ್ತಿರ ಈ ತಪ್ಪು ಮಾಯವೇ ಆಗುತ್ತದೆ. ಬೆಳಗ್ಗೆ ಕೀ ತುಂಬಿದಾಗ ಒಂದು ನಡೆ, ಮರುದಿನ ಕೀ ಇಳಿದಾಗ ಇನ್ನೊಂದು ನಡೆ ಇರುವುದಕ್ಕೆ ಒಂದು ಮುಖ್ಯ ಕಾರಣ ಇದು. ಹಾಗಾಗಿ ವಾಚನ್ನು ಪರೀಕ್ಷಿಸುವಾಗ ದಿನವೂ ಒಂದೇ ಹೊತ್ತಿಗೆ, ಒಂದೇ ಮಟ್ಟಕ್ಕೆ ಕೀ ಕೊಟ್ಟಿರಬೇಕು. ಬೆಳಗ್ಗೆ ಕೊಡುವುದು ಹಿರಿಯರ ರೂಢಿ, ಅದರಲ್ಲಿ ಅರ್ಥವಿದೆ. ಹಗಲಿನ ಓಡಾಟ, ಕುಲುಕಾಟದ ಹೊತ್ತಿಗೆ ಸ್ಪ್ರಿಂಗಿನಲ್ಲಿ ತುಂಬು ಬಲ ಇರುತ್ತದೆ. ವಾಚನ್ನು ಕೈಯಿಂದ ಬಿಚ್ಚಿ, ಗಟ್ಟಿಯಾಗಿ ತಡೆ ಸಿಗುವವರೆಗೆ ತಿರುಗಿಸಿ, ಅಲ್ಲಿಗೆ ಬಿಡಿ. ಕೈಯಲ್ಲೇ ಕಟ್ಟಿಕೊಂಡು ಕೀ ಕೊಟ್ಟರೆ ಒಳಗಿನ ಕಡ್ಡಿಗೆ ಪಕ್ಕದಿಂದ ಒತ್ತಡ ಬಿದ್ದು ಬಾಗುತ್ತದೆ.

ಐದು ರಾತ್ರಿಯ ಲೆಕ್ಕ

ಮೊದಲು ಸರಿಯಾದ ಸಮಯ ಬೇಕು. ಅರಸೀಕೆರೆ ಜಂಕ್ಷನ್ನಿನ ಗಡಿಯಾರ ರೈಲು ಹಿಡಿಯುವುದಕ್ಕೆ ಸಾಕು, ಸೆಕೆಂಡಿನ ಲೆಕ್ಕಕ್ಕೆ ಸಾಲದು. ಭಾರತದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ; ಅದರ ಜಾಲತಾಣದಲ್ಲಿ ಸೆಕೆಂಡು ಸಹಿತ ಗಡಿಯಾರ ಓಡುತ್ತಿರುತ್ತದೆ. ನೆಟ್‌ವರ್ಕಿನಿಂದ ಸಮಯ ತೆಗೆದುಕೊಳ್ಳುವ ಮೊಬೈಲು, ಸೆಕೆಂಡು ಕಾಣುವಂತಿದ್ದರೆ, ನಮ್ಮ ಕೆಲಸಕ್ಕೆ ಧಾರಾಳ ಆಯಿತು. ಆಕಾಶವಾಣಿ ವಾರ್ತೆಗೆ ಮುಂಚಿನ ಪೀಪ್ ಪೀಪ್ ಸದ್ದಿನಲ್ಲಿ ಕೊನೆಯದನ್ನು ಹಿಡಿಯುವ ಹಳೆಯ ಪದ್ಧತಿಯೂ ಚೆನ್ನಾಗಿದೆ, ಆದರೆ ರೇಡಿಯೊ ಪೆಟ್ಟಿಗೆಯಲ್ಲಿ ಮಾತ್ರ. ಮೊಬೈಲ್ ಆ್ಯಪಿನಲ್ಲಿ ಕೇಳುವ ಆಕಾಶವಾಣಿ ಹಲವು ಸೆಕೆಂಡು ತಡವಾಗಿ ಬರುತ್ತದೆ.

ಬಿಸಿಲಿನ ಮಾತು ಬಂದರೆ: ಬೇಲೂರು ಚೆನ್ನಕೇಶವ ಗುಡಿಯ ಅಂಗಳದಲ್ಲಿ, ಬುನಾದಿಯಿಲ್ಲದೆ ತನ್ನ ತೂಕದ ಮೇಲೇ ನಿಂತಿದೆ ಎಂದು ಗೈಡುಗಳು ತೋರಿಸುವ ಕಂಬದ ನೆರಳು ನೋಡಿ ಹನ್ನೆರಡು ಗಂಟೆ ಎಂದು ವಾಚು ತಿರುಗಿಸಲು ಹೋಗಬೇಡಿ. ನಮ್ಮ ದೇಶದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬೇಲೂರು ಅದಕ್ಕಿಂತ ಆರೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 26 ನಿಮಿಷದ ಹೊತ್ತಿಗೆ. ಅದೂ ತಿಂಗಳಿಂದ ತಿಂಗಳಿಗೆ ಕಾಲು ಗಂಟೆಯಷ್ಟು ಹಿಂದೆ ಮುಂದೆ ಆಗುತ್ತದೆ.

ಈಗ ವಾಚಿನ ಭಂಗಿಗಳು. ಅಂಗಾತ ಎಂದರೆ ಡಯಲ್ ಮೇಲಕ್ಕೆ. ಬೋರಲು ಎಂದರೆ ಗಾಜು ಕೆಳಕ್ಕೆ. ಗೀರು ಬೀಳದಂತೆ ಮೆತ್ತನೆಯ ಬಟ್ಟೆ ಹಾಸಿ. ಮೂರನೆಯದು ಕೀ ಕೊಡುವ ಗುಂಡಿ ಮೇಲಿರುವಂತೆ ಮಗ್ಗುಲಿಗೆ. ನಾಲ್ಕನೆಯದು ಗುಂಡಿ ಕೆಳಗಿರುವಂತೆ. ಐದನೆಯದು 12ರ ಅಂಕಿ ಮೇಲಿರುವಂತೆ ನೆಟ್ಟಗೆ, ಮೊಳೆಗೆ ನೇತುಹಾಕಿದ ಹಾಗೆ. ಚೈನು ಇರುವ ವಾಚು ತಾನಾಗಿ ಮಗ್ಗುಲಿಗೆ ನಿಲ್ಲುತ್ತದೆ. ಚರ್ಮದ ಬೆಲ್ಟಿನದನ್ನು ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಸಿ. ಗುಂಡಿ ಕೆಳಗಿರುವಾಗ ವಾಚಿನ ಭಾರ ಗುಂಡಿಯ ಮೇಲೆ ಬೀಳಬಾರದು. ಎರಡು ಬೆಂಕಿಪೊಟ್ಟಣಗಳನ್ನು ತುಸು ಅಂತರದಲ್ಲಿಟ್ಟು, ಸಂದಿನಲ್ಲಿ ಗುಂಡಿ ಇಳಿಯುವಂತೆ ವಾಚನ್ನು ಅವುಗಳ ಮೇಲೆ ಕೂರಿಸಿದರೆ ಆಯಿತು. ಸರಪಳಿಯ ಜೇಬು ಗಡಿಯಾರವಿದ್ದರೆ ಸಡಿಲವಾಗಿ ತೂಗುಬಿಡಬೇಡಿ. ಒಳಗಿನ ಚಕ್ರದ ಆಟಕ್ಕೆ ಇಡೀ ಗಡಿಯಾರವೇ ಸಣ್ಣಗೆ ತೂಗತೊಡಗಿ ಲೆಕ್ಕ ಕೆಡುತ್ತದೆ; ಬೆನ್ನು ಗೋಡೆಗೆ ಆನಿಸಿರಲಿ.

ಒಂದೊಂದು ರಾತ್ರಿಗೆ ಒಂದೊಂದು ಭಂಗಿ. ವಾಚನ್ನು ಮೊಬೈಲಿಗೆ ಸರಿಹೊಂದಿಸುವ ಗೋಜಿಗೆ ಹೋಗಬೇಡಿ. ಗುಂಡಿ ಎಳೆದರೂ ಸೆಕೆಂಡು ಮುಳ್ಳು ನಿಲ್ಲದ ವಾಚುಗಳೇ ಹಳೆಯದರಲ್ಲಿ ಹೆಚ್ಚು, ಸುಮ್ಮನೆ ತಲೆನೋವು. ಇರುವ ವ್ಯತ್ಯಾಸವನ್ನು ಬರೆದುಕೊಂಡರೆ ಸಾಕು. ರಾತ್ರಿ ಮೊಬೈಲಿನಲ್ಲಿ ಸರಿಯಾಗಿ 10 ಗಂಟೆಯಾದ ಕ್ಷಣ ವಾಚು 10 ಗಂಟೆ 7 ಸೆಕೆಂಡು ತೋರಿಸಿತು ಎಂದಿಟ್ಟುಕೊಳ್ಳಿ. ಬೆಳಗ್ಗೆ ಸರಿಯಾಗಿ 7ಕ್ಕೆ 12 ಸೆಕೆಂಡು ಮುಂದಿದೆ. ಒಂಬತ್ತು ಗಂಟೆಯಲ್ಲಿ 5 ಸೆಕೆಂಡು ಗಳಿಸಿದೆ. ಐದನ್ನು ಒಂಬತ್ತರಿಂದ ಭಾಗಿಸಿ 24ರಿಂದ ಗುಣಿಸಿದರೆ ಆ ಭಂಗಿಯಲ್ಲಿ ದಿನಕ್ಕೆ ಸುಮಾರು 13 ಸೆಕೆಂಡು ಫಾಸ್ಟ್. ಓದುವಾಗ ಒಂದು ಸೆಕೆಂಡಿನ ಹೆಚ್ಚುಕಮ್ಮಿ ಸಹಜ, ಅದಕ್ಕೇ ಸಾಧ್ಯವಾದರೆ ಎರಡನೇ ಸುತ್ತು ಐದು ರಾತ್ರಿ ಮಾಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಒಪ್ಪಿಸಿ, ಖುಷಿಯಿಂದ ಮಾಡುತ್ತಾರೆ.

ಹಗಲಿನ ಲೆಕ್ಕ ಬೇರೆ ಇದೆ. ಎಡಗೈಗೆ ಕಟ್ಟಿದ ವಾಚಿನಲ್ಲಿ ಗುಂಡಿ ಬೆರಳುಗಳ ಕಡೆಗಿರುತ್ತದೆ. ಕೈ ಇಳಿಬಿಟ್ಟು ನಡೆಯುವಾಗ ಗುಂಡಿ ಕೆಳಗೆ. ಮೇಜಿನ ಮುಂದೆ ಕೂತಾಗ, ಬೈಕಿನ ಹ್ಯಾಂಡಲ್ ಹಿಡಿದಾಗ ಹೆಚ್ಚುಕಡಿಮೆ ಅಂಗಾತ. ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದೆ ಎಡಗೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತರೆ ಗುಂಡಿ ಮೇಲೆ. ಬಲಗೈಗೆ ವಾಚು ಕಟ್ಟುವವರಿಗೆ ಇದೆಲ್ಲ ತಿರುಗುಮುರುಗು: ಗುಂಡಿ ಮೊಣಕೈ ಕಡೆಗಿರುವುದರಿಂದ ಕೈ ಇಳಿಬಿಟ್ಟಾಗ ಅದು ಮೇಲಾಗುತ್ತದೆ. ಅಣ್ಣನ ಎಡಗೈಯಲ್ಲಿ ಸರಿಯಾಗಿ ನಡೆದ ವಾಚು ಎಡಚನಾದ ತಮ್ಮನ ಬಲಗೈಯಲ್ಲಿ ಲೆಕ್ಕ ತಪ್ಪಿದರೆ ತಮ್ಮನನ್ನು ದೂರಬೇಡಿ. ಹೀಗೆ ಹಗಲಿನ ಭಂಗಿ ನಮ್ಮ ಕೈಯಲ್ಲಿಲ್ಲ. ಬೆಳಗ್ಗೆ ಕಟ್ಟುವಾಗ ಎಷ್ಟಿತ್ತು, ರಾತ್ರಿ ಬಿಚ್ಚುವಾಗ ಎಷ್ಟಿದೆ ಎಂದು ನೋಡಿ ಹಗಲಿನ ಒಟ್ಟು ಗಳಿಕೆ ನಷ್ಟ ಗುರುತು ಹಾಕಿಕೊಳ್ಳಿ. ನಮ್ಮ ಕೈಯಲ್ಲಿರುವುದು ರಾತ್ರಿ.

ಉದಾಹರಣೆಗೆ, ಹಗಲು 15 ಗಂಟೆ ಕೈಯಲ್ಲಿದ್ದಾಗ ವಾಚು 6 ಸೆಕೆಂಡು ಮುಂದೆ ಹೋಗುತ್ತದೆ. ಅಂಗಾತ ಇಟ್ಟರೆ ದಿನಕ್ಕೆ 12 ಸೆಕೆಂಡು ಫಾಸ್ಟ್, ಅಂದರೆ ರಾತ್ರಿಯ 9 ಗಂಟೆಯಲ್ಲಿ ನಾಲ್ಕೂವರೆ ಸೆಕೆಂಡು. ಒಟ್ಟು ದಿನಕ್ಕೆ ಹತ್ತೂವರೆ ಮುಂದೆ. ತಿಂಗಳಲ್ಲಿ ಐದು ನಿಮಿಷಕ್ಕೂ ಹೆಚ್ಚು. ಅದೇ ವಾಚು ಗುಂಡಿ ಮೇಲಿದ್ದಾಗ ದಿನಕ್ಕೆ 16 ಸೆಕೆಂಡು ಸ್ಲೋ, 9 ಗಂಟೆಗೆ 6 ಸೆಕೆಂಡು ನಷ್ಟ. ಹಗಲು ಗಳಿಸಿದ 6 ರಾತ್ರಿ ಕಳೆದುಹೋಯಿತು, ಸೊನ್ನೆ. ನಿಜದ ವಾಚಿನಲ್ಲಿ ಇಷ್ಟು ಚೊಕ್ಕವಾಗಿ ಸೊನ್ನೆ ಬರುವುದಿಲ್ಲ, ಆದರೆ ದಿನಕ್ಕೆ ಎರಡು ಮೂರು ಸೆಕೆಂಡಿಗೆ ಇಳಿಸಬಹುದು. ಸ್ವಿಟ್ಜರ್ಲೆಂಡಿನಲ್ಲಿ ಕ್ರೊನೊಮೀಟರ್ ಎಂಬ ಬಿರುದು ಬಯಸುವ ವಾಚುಗಳನ್ನು 15 ದಿನ, 5 ಭಂಗಿಗಳಲ್ಲಿ, 8, 23, 38 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಟ್ಟು ನೋಡುತ್ತಾರೆ. ಸರಾಸರಿ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ, ಇದರೊಳಗಿದ್ದರೆ ಪಾಸು. ಭಂಗಿ ನೋಡಿ ಮಲಗಿಸಿದ ಜನತಾ ಆ ಸಾಲಿಗೆ ಬಂದು ನಿಂತರೆ ಹೆಮ್ಮೆ ಪಡಲು ಅಡ್ಡಿಯಿಲ್ಲ. ಬಿರುದು ಮಾತ್ರ ಕೇಳಬೇಡಿ.

ಆಟೊಮ್ಯಾಟಿಕ್ ವಾಚಿಗೂ ಇದೇ ವಿಧಾನ. ಬಿಚ್ಚಿಟ್ಟಾಗ ಅದಕ್ಕೆ ಕೀ ತುಂಬುವುದಿಲ್ಲ, ಇರುವುದು ಇಳಿಯುತ್ತ ಹೋಗುತ್ತದೆ. ದಿನವಿಡೀ ಕೂತು ಕೆಲಸ ಮಾಡುವವರ ವಾಚು ರಾತ್ರಿಗೆ ಬರುವಾಗಲೇ ಅರೆಹೊಟ್ಟೆಯಲ್ಲಿರುತ್ತದೆ. ಅಂಥವರು ಪರೀಕ್ಷೆಯ ದಿನಗಳಲ್ಲಿ ಬೆಳಗ್ಗೆ ಗುಂಡಿ ತಿರುಗಿಸಿಯೂ ಕೀ ಕೊಡುವುದು ಒಳ್ಳೆಯದು. ಅದಕ್ಕೆ ಅವಕಾಶವಿರುವ ವಾಚಾದರೆ.

ಭೂಮಿಯ ಈ ಎಳೆತಕ್ಕೆ ಪರಿಹಾರ ಹುಡುಕಿದವರಲ್ಲಿ ಹೆಸರಾದವನು ಪ್ಯಾರಿಸ್ಸಿನ ಅಬ್ರಹಾಂ ಲೂಯಿ ಬ್ರೆಗೆ. ಆ ಕಾಲದ ಗಡಿಯಾರಗಳು ದಿನವಿಡೀ ಜೇಬಿನಲ್ಲಿ ನೆಟ್ಟಗೆ ನಿಂತಿರುತ್ತಿದ್ದವು. ಬ್ಯಾಲೆನ್ಸ್ ಚಕ್ರವನ್ನೂ ಅದರ ಸಂಗಾತಿಗಳನ್ನೂ ಒಂದು ಪಂಜರದಲ್ಲಿ ಕೂರಿಸಿ, ಪಂಜರವನ್ನೇ ನಿಧಾನವಾಗಿ ಸುತ್ತಿಸಿದರೆ ಒಂದು ಮಗ್ಗುಲಿನ ಫಾಸ್ಟು ಇನ್ನೊಂದು ಮಗ್ಗುಲಿನ ಸ್ಲೋಗೆ ವಜಾ ಆಗುತ್ತದೆ ಎಂದು ಯೋಚಿಸಿ 1801ರಲ್ಲಿ ಪೇಟೆಂಟ್ ಪಡೆದ. ಟೂರ್‌ಬಿಯಾನ್ ಎಂಬ ಆ ಸಾಧನ ಇರುವ ವಾಚುಗಳಿಗೆ ಇಂದು ತೋಟ ಮಾರುವಷ್ಟು ಬೆಲೆ. ಕೈಯಲ್ಲಿ ಕಟ್ಟುವ ವಾಚು ಹೇಗೂ ಎಲ್ಲ ಕಡೆಗೂ ತಿರುಗಾಡುತ್ತಿರುತ್ತದೆ. ಅದಕ್ಕೆ ಟೂರ್‌ಬಿಯಾನ್ ಒಂದು ಶೋಕಿ ಎಂಬುದು ನನ್ನ ಅಭಿಪ್ರಾಯ.

ಶೋಕಿಯಲ್ಲದೆ ಪ್ರಾಣದ ಪ್ರಶ್ನೆಯಾಗಿ ಭಂಗಿಯ ವಿಷಯ ಬಂದದ್ದು ರೈಲಿನಲ್ಲಿ. 1891ರ ಏಪ್ರಿಲ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕಿಪ್ಟನ್ ಎಂಬಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿಯಾದವು. ಒಬ್ಬ ಎಂಜಿನ್ ಚಾಲಕನ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು ಎಂದು ಹೇಳಲಾಯಿತು. ಆ ಬಳಿಕ ವೆಬ್ ಸಿ. ಬಾಲ್ ಎಂಬ ಗಡಿಯಾರ ತಜ್ಞ ರೂಪಿಸಿದ ಕಟ್ಟುನಿಟ್ಟಿನ ನಿಯಮಗಳಲ್ಲಿ ಎರಡು ಹೆಸರಾದವು. ರೈಲು ನೌಕರನ ಗಡಿಯಾರ ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು, 5 ಭಂಗಿಗಳಲ್ಲಿ ಹೊಂದಿಸಿರಬೇಕು. ಹುಬ್ಬಳ್ಳಿ, ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಗಾಡಿಗಳು ಕೂಡುವ ಅರಸೀಕೆರೆಯಂಥ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ವಾರಕ್ಕೆ ಅರ್ಧ ನಿಮಿಷ ಎಂಬ ಪಟ್ಟು ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಚೀಟಿ ಏನು ಹೇಳುತ್ತದೆ

ಐದು ರಾತ್ರಿಯ ಚೀಟಿ ಕೈಯಲ್ಲಿದ್ದರೆ ವಾಚಿನ ಕಾಯಿಲೆ ಅರ್ಧ ಗೊತ್ತಾದಂತೆ. ಅಂಗಾತ ಮತ್ತು ಬೋರಲಿನ ನಡುವೆ ವ್ಯತ್ಯಾಸ ಕಡಿಮೆ ಇರಬೇಕು, ಏಕೆಂದರೆ ಎರಡರಲ್ಲೂ ಅಚ್ಚು ಮೊನೆಯ ಮೇಲೇ ನಿಂತಿದೆ, ಮೊನೆ ಮಾತ್ರ ಬೇರೆ. ಇವೆರಡರ ನಡುವೆ ದಿನಕ್ಕೆ 20 ಸೆಕೆಂಡಿಗಿಂತ ಹೆಚ್ಚು ಅಂತರ ಕಂಡರೆ ಒಂದು ಮೊನೆ ಸವೆದಿದೆ, ಇಲ್ಲವೇ ಒಂದು ಕಲ್ಲಿನ ಎಣ್ಣೆ ಒಣಗಿ ಜಿಡ್ಡಾಗಿದೆ ಎಂದು ಅನುಮಾನಿಸಿ. ನಿಂತ ಮೂರೂ ಭಂಗಿಗಳಲ್ಲಿ ಸುಮಾರು ಒಂದೇ ನಡೆ ಇದ್ದು, ಮಲಗಿದ್ದಕ್ಕಿಂತ ತುಸು ಬೇರೆ ಇದ್ದರೆ ಅದು ಹಳೆಯ ವಾಚಿನ ಸಹಜ ಗುಣ. ನಿಂತ ಭಂಗಿಗಳೇ ಒಂದಕ್ಕೊಂದು ಜಗಳಾಡಿದರೆ, ಅಂದರೆ ಗುಂಡಿ ಮೇಲಿದ್ದಾಗ 30 ಫಾಸ್ಟು, ಕೆಳಗಿದ್ದಾಗ 30 ಸ್ಲೋ ಎಂಬಂತಿದ್ದರೆ, ಚಕ್ರದ ತೂಕ ಸಮವಿಲ್ಲ ಅಥವಾ ಹೇರ್‌ಸ್ಪ್ರಿಂಗ್ ನಡುವಿನಿಂದ ಪಕ್ಕಕ್ಕೆ ಸರಿದಿದೆ. ಬಲ್ಲ ಕೆಲಸಗಾರರು ಚಕ್ರವನ್ನು ಬಿಚ್ಚಿ, ಎರಡು ನುಣುಪು ಅಂಚುಗಳ ಮೇಲೆ ಅಚ್ಚನ್ನು ಅಡ್ಡ ಇಟ್ಟು, ಯಾವ ಪಕ್ಕ ತಾನಾಗಿ ಕೆಳಗಿಳಿಯುತ್ತದೆ ಎಂದು ನೋಡಿ, ಆ ಪಕ್ಕದಿಂದ ಲೋಹದ ಪುಡಿಯಷ್ಟನ್ನು ತೆಗೆಯುತ್ತಾರೆ. ನಿಧಾನದ ಕೆಲಸ, ಎಲ್ಲರೂ ಮಾಡುವುದಿಲ್ಲ, ಮಾಡುವವರು ಕೇಳಿದ ಕೂಲಿಗೆ ಚೌಕಾಸಿ ಮಾಡಬಾರದು.

ಎಲ್ಲ ಭಂಗಿಯಲ್ಲೂ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಮಲಗಿಸುವ ಭಂಗಿಯನ್ನಲ್ಲ, ಜಾಗವನ್ನು ನೋಡಿ. ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗ್ ಗಿಡ್ಡವಾದಂತಾಗುತ್ತದೆ. ಮೊಬೈಲಿನ ಸ್ಪೀಕರು, ಅಯಸ್ಕಾಂತದ ಮುಚ್ಚಳವಿರುವ ಮೊಬೈಲ್ ಕವರು, ಇಂಡಕ್ಷನ್ ಒಲೆ, ಪರ್ಸಿನ ಮ್ಯಾಗ್ನೆಟ್ ಗುಂಡಿ, ಇವುಗಳ ಪಕ್ಕ ವಾಚನ್ನು ಇಡಬೇಡಿ. ಮಲಗುವಾಗ ಮೊಬೈಲಿನ ಮೇಲೆ ವಾಚು ಇಡುವುದು ಈಗಿನ ಕೆಟ್ಟ ಅಭ್ಯಾಸ. ಅಯಸ್ಕಾಂತ ಬಿಡಿಸುವ ಪುಟ್ಟ ಯಂತ್ರ ಅನೇಕ ಅಂಗಡಿಗಳಲ್ಲಿದೆ, ನಿಮಿಷದ ಕೆಲಸ. ದೇವರ ಗೂಡು, ಕಿಟಕಿಯ ಕಟ್ಟೆ, ಫ್ರಿಜ್ಜಿನ ತಲೆಯೂ ಬೇಡ. ಬೇಲೂರಿನ ಕಡೆ ಮಳೆಗಾಲದ ಥಂಡಿಗೆ ಹಳೆಯ ಜನತಾದ ಗಾಜಿನೊಳಗೆ ಹಬೆ ಕಟ್ಟಿದರೆ ಭಂಗಿ, ಲೆಕ್ಕ ಎಲ್ಲ ಆಮೇಲೆ. ಅಂದೇ ಬಿಚ್ಚಿಸಿ ಒಣಗಿಸಿ, ಇಲ್ಲವಾದರೆ ತುಕ್ಕು. ತೆಂಗಿನಕಾಯಿ ಸುಲಿಯುವಾಗ, ಸೌದೆ ಒಡೆಯುವಾಗ ವಾಚು ಬಿಚ್ಚಿಡಿ. ಪ್ಯಾರಾಶಾಕ್ ಇದ್ದರೂ ಅದು ಒಂದೆರಡು ಏಟಿಗೆ ಇರುವ ರಕ್ಷಣೆ, ಇಡೀ ರಾಶಿ ಸುಲಿಯುವುದಕ್ಕಲ್ಲ.

ಆನ್‌ಲೈನಿನಲ್ಲಿ ಕಣ್ಣು ಕುಕ್ಕುವ ಬಣ್ಣದ ಡಯಲ್ಲಿನ ‘ಹಳೆಯ ಜನತಾ’ ಕೊಳ್ಳುವವರಿಗೆ ಈ ಐದು ರಾತ್ರಿಯ ಪರೀಕ್ಷೆ ಇನ್ನೂ ಮುಖ್ಯ. ಅವುಗಳಲ್ಲಿ ಬಹಳಷ್ಟು, ಹತ್ತು ವಾಚುಗಳ ಬಿಡಿಭಾಗ ಕೂಡಿಸಿ ಡಯಲ್ಲಿಗೆ ಹೊಸ ಬಣ್ಣ ಹೊಡೆದವು. ಒಂದು ವಾಚಿನ ಚಕ್ರಕ್ಕೆ ಇನ್ನೊಂದರ ಹೇರ್‌ಸ್ಪ್ರಿಂಗ್ ಜೋಡಿಸಿದ್ದರೆ ಅಂಗಾತ ಇಟ್ಟಾಗ ಹೇಗೋ ಸರಿಯಾಗಿ ನಡೆದೀತು. ಮಾರುವವರು ವಿಡಿಯೊದಲ್ಲಿ ತೋರಿಸುವುದೂ ಅಂಗಾತ ಇಟ್ಟೇ. ನಿಲ್ಲಿಸಿದಾಗ ಬಣ್ಣ ಬಯಲು. ವಾಪಸ್ ಕೊಡಲು ವಾರದ ಗಡುವಿದ್ದರೆ ಮೊದಲ ರಾತ್ರಿಯಿಂದಲೇ ಚೀಟಿ ಶುರುಮಾಡಿ.

ಮಲಗಿಸುವ ಭಂಗಿಯಿಂದ ತಿದ್ದಬಹುದಾದದ್ದು ದಿನಕ್ಕೆ ಹತ್ತು, ಬಹಳವೆಂದರೆ ಹದಿನೈದು ಸೆಕೆಂಡು. ಅದಕ್ಕಿಂತ ಹೆಚ್ಚಿನದಕ್ಕೆ ಒಳಗಿನ ರೆಗ್ಯುಲೇಟರ್ ಕಡ್ಡಿಯನ್ನೇ ಸರಿಸಬೇಕು. ಅದು ಕೂದಲೆಳೆಯಷ್ಟು ಸರಿದರೂ ನಡೆ ಬಹಳ ಬದಲಾಗುತ್ತದೆ. ಪಕ್ಕದಲ್ಲೇ ಹೇರ್‌ಸ್ಪ್ರಿಂಗ್ ಇರುತ್ತದೆ. ಟ್ವೀಜರ್ ಜಾರಿದರೆ ಮುಗಿಯಿತು. ಮನೆಯಲ್ಲಿ ಮುಚ್ಚಳ ತೆರೆಯುವ ಸಾಹಸ ಬೇಡವೆಂದೇ ಹೇಳುತ್ತೇನೆ. ವಾಚಿನ ಬಡಿತ ಕೇಳಿ ನಡೆ, ಬೀಸು ಎರಡನ್ನೂ ತೋರಿಸುವ ಟೈಮ್‌ಗ್ರಾಫರ್ ಯಂತ್ರ ದೊಡ್ಡ ಊರಿನ ಅಂಗಡಿಗಳಲ್ಲಿ ಸಿಗುತ್ತದೆ, ಸಣ್ಣ ಊರಿನಲ್ಲಿ ಎಲ್ಲರ ಬಳಿ ಇರುವುದಿಲ್ಲ. ಮೊಬೈಲಿನ ಮೈಕಿನಿಂದ ಅದೇ ಕೆಲಸ ಮಾಡುವ ಆ್ಯಪುಗಳಿವೆ. ಸುತ್ತ ಸದ್ದಿಲ್ಲದಿದ್ದರೆ ನಡೆಯನ್ನು ಸುಮಾರಾಗಿ ಹೇಳುತ್ತವೆ.

ಬಸ್ ನಿಲ್ದಾಣದ ಪಕ್ಕದ ಗಾಜಿನ ಪೆಟ್ಟಿಗೆಯ ಹಿಂದೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುವ ರಿಪೇರಿಯವರಿಗೆ ‘ಯಜಮಾನ್ರೇ, ಟೈಮ್ ಸರಿ ತೋರ್ಸಲ್ಲ’ ಎಂದಷ್ಟೇ ಹೇಳಿದರೆ ಅವರು ಅಂಗಾತ ಇಟ್ಟು ಒಂದು ದಿನ ನೋಡಿ ಕಡ್ಡಿ ಸರಿಸಿ ಕೊಡುತ್ತಾರೆ, ನಿಮ್ಮ ಕೈಯಲ್ಲಿ ಮತ್ತೆ ತಪ್ಪುತ್ತದೆ. ಅದರ ಬದಲು ಚೀಟಿ ಕೊಡಿ: ಅಂಗಾತ ಇಷ್ಟು, ಬೋರಲು ಇಷ್ಟು, ಗುಂಡಿ ಮೇಲೆ, ಗುಂಡಿ ಕೆಳಗೆ, ನೇತುಹಾಕಿ ಇಷ್ಟಿಷ್ಟು, ಕೈಯಲ್ಲಿ ಹಗಲು ಇಷ್ಟು, ಕೀ ಕೊಡುವುದು ಬೆಳಗ್ಗೆ ಇಷ್ಟು ಹೊತ್ತಿಗೆ, ಕೀ ಕೊಡದೆ ಬಿಟ್ಟರೆ ಇಷ್ಟು ಗಂಟೆ ಓಡಿ ನಿಲ್ಲುತ್ತದೆ. ಯಾವ ಕೈಗೆ ಕಟ್ಟುತ್ತೀರಿ ಎಂಬುದನ್ನೂ ಸೇರಿಸಿ. ನಿಮ್ಮ ರೂಢಿಗೆ ಹೊಂದುವಂತೆ ತುಸು ಫಾಸ್ಟಿಗೆ ಬಿಡಬೇಕೋ ಸ್ಲೋಗೋ ಎಂಬುದು ಅವರಿಗೆ ಅದರಿಂದಲೇ ಗೊತ್ತಾಗುತ್ತದೆ. ಸರ್ವಿಸ್ ಆಗಿ ಹೊಸ ಎಣ್ಣೆ ಬಿದ್ದ ಮೇಲೆ ಚಕ್ರದ ಬೀಸು ಹೆಚ್ಚುತ್ತದೆ, ಹಳೆಯ ಅಂಕಿಗಳು ಕೆಲಸಕ್ಕೆ ಬರುವುದಿಲ್ಲ. ಒಂದು ವಾರ ವಾಚು ಓಡಲು ಬಿಟ್ಟು ಐದೂ ರಾತ್ರಿಯ ಲೆಕ್ಕವನ್ನು ಹೊಸ ಚೀಟಿಯಲ್ಲಿ ಬರೆಯಿರಿ.